ಕೈ ಬಿಟ್ಟರೂ ಬೀಳದ ಸೈಕಲ್ಲು

ಸ್ಟ್ಯಾಂಡ್ ಹಾಕದೆ ನಿಲ್ಲಿಸಿ ಕೈ ಬಿಟ್ಟರೆ ಸೈಕಲ್ಲು ದಢಾರನೆ ಬೀಳುತ್ತದೆ. ಅದೇ ಸೈಕಲ್ಲು ಓಡುತ್ತಿರುವಾಗ ದೊಡ್ಡ ಹುಡುಗರು ಎರಡೂ ಕೈ ಬಿಟ್ಟು, ಎದೆ ಸೆಟೆಸಿಕೊಂಡು ಹೋಗುತ್ತಾರೆ. ಆಗ ಬೀಳುವುದಿಲ್ಲ. ಹಾಗಾದರೆ ಓಡುವ ಸೈಕಲ್ಲನ್ನು ಎತ್ತಿ ಹಿಡಿದಿರುವುದು ಯಾವುದು?

ಇದನ್ನು ತಿಳಿಯಲು ನೀವು ಕೈ ಬಿಟ್ಟು ಓಡಿಸಬೇಕಾಗಿಲ್ಲ. ಸಮತಟ್ಟಾದ ಒಂದು ಜಾಗ ಸಾಕು. ಮೂಡಿಗೆರೆ, ಕಳಸದ ಕಡೆ ಅಂಥ ಜಾಗ ಎಲ್ಲಿದೆ ಅನ್ನುತ್ತೀರಾ? ಕಾಫಿ ಕಣ ಇದೆಯಲ್ಲ! ಕೊಯ್ಲಿನ ಕಾಲದಲ್ಲಿ ಅಲ್ಲಿ ಕಾಫಿ ಹಣ್ಣು ಒಣಗುತ್ತಿರುತ್ತದೆ, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ನಡುವೆ ಬೇಸಿಗೆ ರಜೆಯಲ್ಲಿ ಕಣ ಖಾಲಿ. ತೋಟದ ರೈಟರನ್ನು ಕೇಳಿಕೊಂಡು, ಮನೆಯ ದೊಡ್ಡವರೊಬ್ಬರ ಜೊತೆ ಹೋಗಿ.

ಸೈಕಲ್ಲಿನ ಪಕ್ಕ ನಿಂತು ಸೀಟನ್ನಷ್ಟೇ ಹಿಡಿಯಿರಿ. ಹ್ಯಾಂಡಲ್ ಮುಟ್ಟಬೇಡಿ. ಸೈಕಲ್ಲನ್ನು ಮೆಲ್ಲಗೆ ಎಡಕ್ಕೆ ವಾಲಿಸಿ. ಮುಂದಿನ ಚಕ್ರ ತಾನಾಗಿ ಎಡಕ್ಕೆ ಹೊರಳುತ್ತದೆ. ಬಲಕ್ಕೆ ವಾಲಿಸಿದರೆ ಬಲಕ್ಕೆ. ಹಾಗೇ ಸೀಟು ಹಿಡಿದು ತಳ್ಳುತ್ತ ನಡೆಯಿರಿ. ಬರೀ ವಾಲಿಸುತ್ತಲೇ ಕಣದ ತುಂಬ ಸುತ್ತಿಸಬಹುದು. ಗುಟ್ಟು ಇರುವುದು ಇಲ್ಲೇ: ಸೈಕಲ್ಲು ಯಾವ ಕಡೆ ಬೀಳಹೊರಡುತ್ತದೋ ಆ ಕಡೆಗೇ ತಿರುಗುತ್ತದೆ.

ಬೀಳುವ ಕಡೆಗೇ ತಿರುಗಿದರೆ ಇನ್ನೂ ಬೇಗ ಬೀಳಬೇಕಲ್ಲ? ಕಡ್ಡಿಪೊರಕೆಯನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸುವ ಆಟ ಆಡಿದ್ದೀರಿ. ಪೊರಕೆ ಎಡಕ್ಕೆ ವಾಲಿದರೆ ಕೈಯನ್ನೂ ಎಡಕ್ಕೇ ಒಯ್ಯುತ್ತೀರಿ, ಬುಡ ಮತ್ತೆ ಭಾರದ ಅಡಿಗೆ ಬರಲೆಂದು. ಸೈಕಲ್ಲೂ ಬೀಳುವ ಕಡೆಗೆ ತಿರುಗಿ ಚಕ್ರಗಳನ್ನು ತನ್ನ ಭಾರದ ಅಡಿಗೆ ತಂದುಕೊಳ್ಳುತ್ತದೆ. ಚೂರು ಬೀಳುವುದು, ಸರಿಪಡಿಸಿಕೊಳ್ಳುವುದು, ಮತ್ತೆ ಚೂರು ಬೀಳುವುದು: ಅದರ ಓಟವೆಂದರೆ ಇಷ್ಟೇ. ಸಾಕ್ಷಿ ಬೇಕೇ? ಎರಡೂ ಟಯರ್ ಒದ್ದೆ ಮಾಡಿ, ಹ್ಯಾಂಡಲ್ ಹಿಡಿದುಕೊಂಡೇ ಕಣದ ಮೇಲೆ ನೇರವಾಗಿ ಓಡಿಸಿ. ನೆಲದ ಮೇಲಿನ ನೀರಿನ ಗುರುತು ನೇರವಾಗಿರುವುದಿಲ್ಲ. ಎರಡು ಗೆರೆಗಳು ಅಂಕುಡೊಂಕಾಗಿ ಒಂದನ್ನೊಂದು ದಾಟುತ್ತಿರುತ್ತವೆ. ನಿಧಾನವಾಗಿ ಓಡಿಸಿದಷ್ಟೂ ಡೊಂಕು ಹೆಚ್ಚು.

ಮುಂದಿನ ಚಕ್ರ ತಾನಾಗಿ ಹೊರಳುವುದೇಕೆ? ಹ್ಯಾಂಡಲ್ ಕೂತಿರುವ ಕೊಳವೆಯನ್ನು ಪಕ್ಕದಿಂದ ನೋಡಿ. ಅದು ನೆಟ್ಟಗಿಲ್ಲ, ಓರೆಯಾಗಿದೆ. ಅದರ ನೇರಕ್ಕೆ ಉದ್ದದ ಕೋಲೊಂದನ್ನು ನೆಲದವರೆಗೆ ಹಿಡಿಯಿರಿ. ಕೋಲು ನೆಲ ಮುಟ್ಟುವ ಜಾಗ ಮುಂದಿದೆ, ಟಯರ್ ನೆಲ ಮುಟ್ಟುವ ಜಾಗ ಅದರ ಹಿಂದಿದೆ. ಈ ಅಂತರ ಸಾಮಾನ್ಯವಾಗಿ 5-6 ಸೆಂಟಿಮೀಟರ್. ಸೈಕಲ್ಲು ವಾಲಿದಾಗ ನೆಲವು ಟಯರನ್ನು ಒತ್ತುವುದು ಕೋಲಿನ ಗೆರೆಗಿಂತ ಹಿಂದೆ. ಅದರಿಂದಾಗಿ ಚಕ್ರದ ಮುಂಭಾಗ ವಾಲಿದ ಕಡೆಗೆ ತಿರುಗುತ್ತದೆ.

ಇನ್ನೊಂದು ಕಾರಣವೂ ಇದೆ. ಕಳಚಿದ ಚಕ್ರವೊಂದರ ಆಕ್ಸಲನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಮುಂದಕ್ಕೆ ಉರುಳುವಂತೆ ಗೆಳೆಯರು ಅದನ್ನು ಜೋರಾಗಿ ತಿರುಗಿಸಲಿ. ಈಗ ಎಡಕ್ಕೆ ವಾಲಿಸಿದರೆ ಚಕ್ರ ನಿಮ್ಮ ಕೈಯಲ್ಲೇ ಎಡಕ್ಕೆ ಹೊರಳಲು ನೋಡುತ್ತದೆ. ಇದು ಗೈರೋಸ್ಕೋಪಿನ ಗುಣ.

ಉತ್ತರ ಈ ಎರಡರಲ್ಲೇ ಮುಗಿಯಿತೇ? 1970ರಲ್ಲಿ ಬ್ರಿಟನ್ನಿನ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಒಂದು ತಮಾಷೆಯ ಕೆಲಸ ಮಾಡಿದರು. ಮುಂದಿನ ಚಕ್ರದ ಪಕ್ಕ ನೆಲ ಮುಟ್ಟದಂತೆ ಇನ್ನೊಂದು ಚಕ್ರ ಕಟ್ಟಿ, ಅದನ್ನು ಉಲ್ಟಾ ತಿರುಗಿಸಿದರು. ಒಂದರ ಗೈರೋಸ್ಕೋಪ್ ಗುಣವನ್ನು ಇನ್ನೊಂದು ಅಳಿಸಿಹಾಕಿತು. ಆದರೂ ಹ್ಯಾಂಡಲ್ ಹಿಡಿದು ಆ ಸೈಕಲ್ಲನ್ನು ಓಡಿಸಲು ಅವರಿಗೆ ಕಷ್ಟವಾಗಲಿಲ್ಲ.

2011ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಇನ್ನೂ ಮುಂದೆ ಹೋದರು. ಅವರು ಕಟ್ಟಿದ ಪುಟ್ಟ ಚಕ್ರಗಳ ಗಾಡಿಯಲ್ಲಿ ಗೈರೋಸ್ಕೋಪ್ ಗುಣ ಇರಲಿಲ್ಲ. ಟಯರ್ ನೆಲ ಮುಟ್ಟುವ ಜಾಗವೂ ಹಿಂದಿರದೆ, 4 ಮಿಲಿಮೀಟರಿನಷ್ಟು ಮುಂದಿತ್ತು. ಸವಾರನಿಲ್ಲದೆ ತಳ್ಳಿಬಿಟ್ಟರೆ ಅದೂ ಬೀಳದೆ ಓಡಿತು! ಅದರಲ್ಲಿ ಮುಂಭಾಗದ ಭಾರ ಕೆಳಗಿತ್ತು, ಹಿಂಭಾಗದ ಭಾರ ಮೇಲಿತ್ತು. ಗಿಡ್ಡ ಪೆನ್ಸಿಲ್ಲು ಉದ್ದನೆಯ ಪೊರಕೆಗಿಂತ ಬೇಗ ಬೀಳುತ್ತದಲ್ಲ, ಹಾಗೆ ಮುಂಭಾಗ ಬೇಗ ವಾಲಲು ಹೋಗಿ ಚಕ್ರವನ್ನು ತಿರುಗಿಸುತ್ತಿತ್ತು. ಬೀಳುವ ಕಡೆಗೆ ತಿರುಗಲು ಸೈಕಲ್ಲಿಗೆ ದಾರಿಗಳು ಹಲವು. ಯಾವ ದಾರಿಯಿಂದಾದರೂ ಸರಿ, ತಿರುಗುವುದು ಮುಖ್ಯ.

ತಿರುಗಿದರಷ್ಟೇ ಸಾಲದು, ವೇಗವೂ ಬೇಕು. ನಿಧಾನವಾಗಿ ಹೋಗುವಾಗ ಚಕ್ರ ಎಷ್ಟು ತಿರುಗಿದರೂ ಭಾರದ ಅಡಿಗೆ ಹೊತ್ತಿಗೆ ಸರಿಯಾಗಿ ಬರಲಾರದು. ಸವಾರ ಕೈ ಬಿಟ್ಟು ಅಲುಗಾಡದೆ ಕೂತಿದ್ದರೆ ಏನಾಗುತ್ತದೆ ಎಂದು ವಿಜ್ಞಾನಿಗಳು 2007ರಲ್ಲಿ ಒಂದು ಮಾದರಿ ಸೈಕಲ್ಲಿಗೆ ಲೆಕ್ಕ ಹಾಕಿದರು. ಗಂಟೆಗೆ ಸುಮಾರು 15ರಿಂದ 22 ಕಿಲೋಮೀಟರ್ ವೇಗದಲ್ಲಿ ಅದು ತನ್ನಷ್ಟಕ್ಕೆ ಸಾವರಿಸಿಕೊಳ್ಳುತ್ತದೆ. ಅದಕ್ಕಿಂತ ನಿಧಾನವಾದರೆ ಓಲಾಡಿ ಬೀಳುತ್ತದೆ. ಹೆಚ್ಚಾದರೆ ಬಹಳ ನಿಧಾನವಾಗಿ ಒಂದು ಪಕ್ಕಕ್ಕೆ ವಾಲತೊಡಗುತ್ತದೆ. ಸವಾರ ಮೈಯನ್ನು ಚೂರು ಹೊರಳಿಸಿ ಅದನ್ನು ತಿದ್ದಬಹುದು.

ಈಗ ನಮ್ಮ ಗುಡ್ಡದ ರಸ್ತೆಗೆ ಬನ್ನಿ. ಏರಿನಲ್ಲಿ ಸೈಕಲ್ಲಿನ ವೇಗ ನಡಿಗೆಯ ವೇಗಕ್ಕೆ ಇಳಿಯುತ್ತದೆ, ಅಲ್ಲಿ ಕೈ ಬಿಟ್ಟರೆ ಬಿದ್ದಂತೆಯೇ. ಇಳಿಜಾರಿನಲ್ಲಿ ವೇಗವೇನೋ ಸಿಗುತ್ತದೆ, ಆದರೆ ಬ್ರೇಕ್ ಇರುವುದು ಹ್ಯಾಂಡಲ್ಲಿನಲ್ಲಿ. ಗಂಟೆಗೆ 22 ಕಿಲೋಮೀಟರ್ ಎಂದರೆ ಸೆಕೆಂಡಿಗೆ 6 ಮೀಟರ್. ತಿರುವಿನಲ್ಲಿ ಜೀಪು ಎದುರಾಗಿ, ಕೈ ಬ್ರೇಕಿಗೆ ಮರಳಲು ಒಂದೇ ಸೆಕೆಂಡು ತಡವಾದರೂ ಅಷ್ಟು ದೂರ ಮುಂದೆ ಹೋಗಿರುತ್ತೀರಿ. ಮಳೆಯಲ್ಲಿ ರಿಮ್ ಒದ್ದೆಯಾಗಿ ಬ್ರೇಕ್ ಹಿಡಿಯುವುದೂ ತಡ. ಸಿಲ್ವರ್ ಓಕಿನ ಒದ್ದೆ ಎಲೆ ಮೇಲೆ ಟಯರ್ ಜಾರಿದರಂತೂ ಸೈಕಲ್ಲು ಎತ್ತ ತಿರುಗಿಯೂ ಪ್ರಯೋಜನವಿಲ್ಲ. ಒಂದು ಕೈಯಲ್ಲಿ ಕೊಡೆ ಹಿಡಿದು ಓಡಿಸುವವರೂ ಇದನ್ನು ನೆನಪಿಡಬೇಕು.

ಮಲೆನಾಡಿನ ಮಳೆ ಸೈಕಲ್ಲಿನ ತಾನಾಗಿ ತಿರುಗುವ ಗುಣಕ್ಕೇ ಕೈ ಹಾಕುತ್ತದೆ. ಹ್ಯಾಂಡಲ್ ಕೊಳವೆಯೊಳಗಿನ ಬಾಲ್ಸಿನ ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿದರೆ ಹ್ಯಾಂಡಲ್ ಬಿಗಿಯಾಗುತ್ತದೆ. ಆಗ ಬೀಳುವ ಕಡೆಗೆ ತಾನಾಗಿ ತಿರುಗಲು ಸೈಕಲ್ಲಿಗೆ ಬಿಡುವೇ ಇರುವುದಿಲ್ಲ. ಹ್ಯಾಂಡಲ್ ಹಿಡಿದು ಓಡಿಸುವವರಿಗೂ ಅದು ಮೊಂಡು ಬಿದ್ದಂತೆ ಅನ್ನಿಸುತ್ತದೆ. ಪರೀಕ್ಷೆ ಸುಲಭ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿದು ಸೈಕಲ್ಲನ್ನು ಅತ್ತಿತ್ತ ವಾಲಿಸಿ. ಹ್ಯಾಂಡಲ್ ಸಲೀಸಾಗಿ ಅತ್ತಿತ್ತ ಹೊರಳಿದರೆ ಸರಿ. ತಡೆದು ತಡೆದು ತಿರುಗಿದರೆ ಸೈಕಲ್ ಶಾಪಿಗೆ ಒಯ್ದು, ಕೊಳವೆ ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಿ.