ದಿನಚರಿಯಲ್ಲಿ ಸಂಶಯಕ್ಕೆ ಸ್ಥಳ

(ಬಸವೇಶ್ವರನಗರದ ಶಿವಾನುಭವ ಗೋಷ್ಠಿಯಲ್ಲಿ ಬಿ.ಎಡ್. ವಿದ್ಯಾರ್ಥಿಗಳನ್ನೂ ಭಕ್ತರನ್ನೂ ಕುರಿತು ದಯಪಾಲಿಸಿದ ಆಶೀರ್ವಚನ)



ಈ ದಿನದ ಗೋಷ್ಠಿಗೆ ವಿಜಯನಗರ, ರಾಜಾಜಿನಗರ, ಕೆಂಗೇರಿಗಳಿಂದ ಬಿ.ಎಡ್. ಓದುತ್ತಿರುವ ಅನೇಕರು ಬಂದಿದ್ದೀರಿ. ನಿಮ್ಮ ಓದಿನಲ್ಲಿ ದಿನಚರಿ ಬರೆಯುವುದೆಂಬ ಒಂದು ಕಟ್ಟಳೆಯಿದೆ. ಹಿರಿಯ ಭಕ್ತರಿಗೆ ಇದು ಹೊಸ ಸಂಗತಿ. ಆದುದರಿಂದ ಮೊದಲು ಅದನ್ನು ತಿಳಿಸುತ್ತೇವೆ. ಹಿಂದೆ ಬಿ.ಎಡ್. ಒಂದೇ ವರ್ಷದ ಓದಾಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಮಾಡಿದ ನಿಯಮಗಳಿಂದ ಅದು ಎರಡು ವರ್ಷವಾಯಿತು. ಆ ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿಯೇ ಇದ್ದು ಅಭ್ಯಾಸ ಮಾಡಬೇಕು. ಪಾಠಯೋಜನೆ ಬರೆದರೆ ಮಾತ್ರ ಸಾಲದು. ತರಗತಿಯಲ್ಲಿ ಏನಾಯಿತು, ಏಕೆ ಹಾಗಾಯಿತು, ನಾಳೆ ಏನು ಮಾಡಬೇಕು ಎಂಬುದನ್ನೂ ಬರೆಯಬೇಕು. ಇದಕ್ಕೆ ಕಾಲೇಜಿನಲ್ಲಿ ‘ರಿಫ್ಲೆಕ್ಟಿವ್ ಜರ್ನಲ್’ ಎನ್ನುತ್ತಾರೆ. ನಾವು ದಿನಚರಿ ಎಂದೇ ಕರೆಯುತ್ತೇವೆ.

ಈ ಮಾತನ್ನು ಎತ್ತುವುದಕ್ಕೆ ಕಾರಣವಿದೆ. ಕಳೆದ ತಿಂಗಳು ಒಬ್ಬ ಹೆಣ್ಣುಮಗಳು ಮಠಕ್ಕೆ ಬಂದಿದ್ದಳು. ಮಾಗಡಿ ರಸ್ತೆಯ ಕಡೆಯ ಒಂದು ಶಾಲೆಯಲ್ಲಿ ಅಭ್ಯಾಸ ಪಾಠ ಮಾಡುತ್ತಿರುವವಳು. ಚೀಲದಿಂದ ಎರಡು ಪುಸ್ತಕಗಳನ್ನು ತೆಗೆದು ನಮ್ಮ ಮುಂದಿಟ್ಟು, “ಬುದ್ಧೀ, ಇವೆರಡರಲ್ಲಿ ಯಾವುದನ್ನು ಕಾಲೇಜಿಗೆ ಒಪ್ಪಿಸಲಿ? ತಾವೇ ಅಪ್ಪಣೆ ಕೊಡಿಸಬೇಕು” ಎಂದಳು.

ಮೊದಲನೆಯದಕ್ಕೆ ಕಂದು ಕಾಗದದ ಹೊದಿಕೆ, ಅಂಚಿಗೆ ಕೆಂಪು ಗೆರೆ, ಮುತ್ತಿನಂತಹ ಅಕ್ಷರ. ಒಂದು ದಿನದ ಒಕ್ಕಣೆ ಹೀಗಿತ್ತು: “ಮಕ್ಕಳಲ್ಲಿ ವೈಯಕ್ತಿಕ ಸ್ವಚ್ಛತೆಯ ಅರಿವು ಮೂಡಿಸಲಾಯಿತು. ಪಾಠದ ಉದ್ದೇಶ ಈಡೇರಿತು.” ಎರಡನೆಯದು ಜೇಬಿನಲ್ಲಿ ಹಿಡಿಯುವ ಸಣ್ಣ ಪುಸ್ತಕ. ಅದರಲ್ಲಿ ಅದೇ ದಿನಾಂಕದ ಕೆಳಗೆ ಬೇರೆ ಸಂಗತಿ. ಒಬ್ಬ ಹುಡುಗನ ಬೆರಳುಗಳು ಮಸಿಯಾಗಿದ್ದುವು. ಎಲ್ಲರ ಎದುರಿಗೆ ಎಬ್ಬಿಸಿ ನಿಲ್ಲಿಸಿ ಗದರಿದೆ. ಕೈ ತೊಳೆದು ಬಾ ಎಂದು ಕಳುಹಿಸಿದೆ. ತೊಳೆದು ಬಂದ ಮೇಲೂ ಕಪ್ಪಾಗಿಯೇ ಇದ್ದುವು. ಅವನು ಸಂಜೆಯವರೆಗೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಕುಳಿತ. ತೊಳೆದರೂ ಏಕೆ ಹೋಗಲಿಲ್ಲ? ಇಷ್ಟೇ ಬರೆದಿದ್ದಳು. ಮರುದಿನದ ಪುಟದಲ್ಲಿಯೂ ಅದೇ ಪ್ರಶ್ನೆ.

ಮೂರನೆಯ ದಿನ ಆಕೆ ಹುಡುಗನೊಬ್ಬನನ್ನೇ ಕರೆದು ಕೇಳಿದಳು. ಮನೆಯಲ್ಲಿ ತಾಯಿ ಊದುಬತ್ತಿ ಹೊಸೆಯುತ್ತಾಳೆ. ರಾತ್ರಿ ಇವನೂ ಜೊತೆಗೆ ಕೂಡುತ್ತಾನೆ. ಊದುಬತ್ತಿಯ ಹಿಟ್ಟಿನಲ್ಲಿ ಇದ್ದಿಲ ಪುಡಿಯೂ ಅಂಟಿನ ಪುಡಿಯೂ ಬೆರೆತಿರುತ್ತವೆ. ಅದು ಉಗುರಿನ ಸಂದಿಗೆ ಇಳಿದರೆ ಒಂದು ಸಲದ ಸೋಪಿಗೆ ಬಿಡುವುದಿಲ್ಲ. ತಾಯಂದಿರೆ, ನೀವು ದಿನವೂ ಪೂಜೆಯ ವೇಳೆ ಹಚ್ಚುವ ಊದುಬತ್ತಿಯೇ ಅದು.

ಈಗ ಹೇಳಿರಿ, ಎರಡರಲ್ಲಿ ದಿನಚರಿ ಯಾವುದು? ರಾಜಾಜಿನಗರದಲ್ಲಿ ಅಂಗಡಿ ನಡೆಸುವ ಭಕ್ತರಿಗೆ ನಾವು ವಿವರಿಸಬೇಕಾಗಿಲ್ಲ. ಕಿರ್ದಿ ಪುಸ್ತಕದಲ್ಲಿ ಬಂದದ್ದು ಹೋದದ್ದು ಇದ್ದಂತೆ ಬರೆಯದಿದ್ದರೆ ವರ್ಷದ ಕೊನೆಯಲ್ಲಿ ಮೋಸ ಹೋಗುವವನು ಯಜಮಾನನೇ. ತೆರಿಗೆಯವರಿಗೆ ಒಂದು, ಮನೆಗೆ ಒಂದು ಎಂದು ಎರಡು ಪುಸ್ತಕ ಇಡುವವರೂ ಲೋಕದಲ್ಲಿ ಇದ್ದಾರೆ. ಇಲ್ಲಿ ಕುಳಿತವರಲ್ಲಿ ಅಂಥವರು ಯಾರೂ ಇಲ್ಲವೆಂದು ಭಾವಿಸುತ್ತೇವೆ! ಆದರೆ ಈ ಮಗು ಎರಡು ಪುಸ್ತಕ ಇಟ್ಟದ್ದು ಲಾಭಕ್ಕಲ್ಲ, ಅಂಕಗಳ ಭಯಕ್ಕೆ. ನಿಜವನ್ನು ಬರೆದರೆ “ತರಗತಿ ನಿಭಾಯಿಸಲು ಬಾರದವಳು” ಎಂದು ಅಂಕ ಕಡಿಯುತ್ತಾರೆ ಎಂಬ ಭಯ.

ಶಾಸ್ತ್ರದಲ್ಲಿ ಇದಕ್ಕೆ ದಾರಿಯಿದೆ. ಮೀಮಾಂಸಕರು ಯಾವುದೇ ವಿಚಾರವನ್ನು ನಿರ್ಣಯಿಸುವಾಗ ಅಧಿಕರಣವೆಂಬ ಕ್ರಮವನ್ನು ಅನುಸರಿಸುತ್ತಾರೆ. ಅದಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ನೋಡಿರಿ, ವಿಷಯವಾದ ಕೂಡಲೆ ಸಿದ್ಧಾಂತ ಬರುವುದಿಲ್ಲ. ನಡುವೆ ಸಂಶಯ ಏಳಬೇಕು. ನಮ್ಮ ಮತಕ್ಕೆ ಎದುರಾದ ಪಕ್ಷವೂ ಎದ್ದು ನಿಂತು ಮಾತಾಡಬೇಕು. ನ್ಯಾಯಶಾಸ್ತ್ರದಲ್ಲಿ ಗೌತಮ ಮುನಿಯು ಎಣಿಸಿದ ಹದಿನಾರು ಪದಾರ್ಥಗಳಲ್ಲಿಯೂ ಸಂಶಯಕ್ಕೆ ಒಂದು ಪೀಠವಿದೆ. ಆ ಮೊದಲನೆಯ ಪುಸ್ತಕದಲ್ಲಿ ಇಲ್ಲದ್ದು ಇದೇ. ಅಲ್ಲಿ ವಿಷಯವಿದೆ, ಒಡನೆಯೇ ಸಿದ್ಧಾಂತವಿದೆ. ಗದರಿದವಳೇ ಸರಿ, ಹುಡುಗನೇ ಕೊಳಕ ಎಂದು ತೀರ್ಪಾಗಿ ಹೋಯಿತು. ಎರಡನೆಯದರಲ್ಲಿ ‘ಏಕೆ ಹೋಗಲಿಲ್ಲ’ ಎಂಬ ಒಂದು ಸಂಶಯ ಎರಡು ರಾತ್ರಿ ಆ ಹಾಳೆಯ ಮೇಲೆ ಉಳಿದುಕೊಂಡಿತು. ಅದು ಉಳಿದುದರಿಂದಲೇ ಮೂರನೆಯ ದಿನ ಅವಳು ಆ ಹುಡುಗನ ಮನೆಯ ಸ್ಥಿತಿಯನ್ನು ಅರಿತಳು.

ಪಾಶ್ಚಾತ್ಯರೂ ಇದನ್ನೇ ಕಂಡಿದ್ದಾರೆ. ಅಮೆರಿಕದ ಜಾನ್ ಡ್ಯೂಯಿ 1910ರಲ್ಲಿ ‘ಹೌ ವಿ ಥಿಂಕ್’ ಎಂಬ ಗ್ರಂಥವನ್ನು ಬರೆದು, ವಿಚಾರ ಹುಟ್ಟುವುದು ತೊಡಕಿನಿಂದ, ದಾರಿ ಕಾಣದೆ ನಿಂತಾಗ ಎಂದು ತೋರಿಸಿದನು. ನಮ್ಮ ದೇಶದವರೇ ಆದ ಗಿಜುಭಾಯಿ ಬಧೇಕಾ ಅವರು ವಕೀಲಿ ಬಿಟ್ಟು ಮಕ್ಕಳ ನಡುವೆ ಕುಳಿತವರು. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ‘ದಿವಾಸ್ವಪ್ನ’ ಒಬ್ಬ ಉಪಾಧ್ಯಾಯನು ತನ್ನ ಪ್ರಯೋಗಗಳನ್ನು ತಾನೇ ಹೇಳುವ ಕಥೆ. ಅದರಲ್ಲಿ ಮೊದಲ ದಿನವೇ ಅವನ ಮೌನದ ಆಟ ಕೆಟ್ಟು, ಮಕ್ಕಳ ಗಲಾಟೆ ಹತೋಟಿಗೆ ಸಿಕ್ಕದೆ ಹೋಗುತ್ತದೆ. ಗಿಜುಭಾಯಿ ಅದನ್ನು ಮುಚ್ಚಿಡಲಿಲ್ಲ. ಮೊದಲ ದಿನ ಕೆಟ್ಟದ್ದನ್ನು ಓದಿದವರಿಗೇ ಮುಂದಿನ ದಿನಗಳಲ್ಲಿ ನಂಬಿಕೆ ಹುಟ್ಟುವುದು. ಬಿ.ಎಡ್. ಮಕ್ಕಳು ಇದನ್ನು ತಪ್ಪದೆ ಓದಬೇಕು, ಸಣ್ಣ ಪುಸ್ತಕ.

ಇನ್ನು ಕಾಲೇಜಿನ ಅಧ್ಯಾಪಕರಿಗೆ ಒಂದು ಮಾತು. ಇಲ್ಲಿ ಇಬ್ಬರು ಮೂವರು ಕುಳಿತಿದ್ದೀರಿ. ಕೆಂಗೇರಿಯವರೆಗೆ 2021ರಲ್ಲಿ ಮೆಟ್ರೊ ಬಂತು. ಒಪ್ಪಿಸುವ ದಿನ ಬೆಳಿಗ್ಗೆ ಅದೇ ಗಾಡಿಯಲ್ಲಿ ಒಬ್ಬರ ದಿನಚರಿಯನ್ನು ಮೂವರು ನಕಲು ಮಾಡುತ್ತಾರೆಂದು ಮಕ್ಕಳೇ ನಮಗೆ ನಗುತ್ತ ಹೇಳಿದರು. ಈಗ ಅದೂ ಬೇಡ, ಮೊಬೈಲಿನಲ್ಲಿ ಕೇಳಿದರೆ ಯಂತ್ರವೇ 20 ವಾರದ ದಿನಚರಿಯನ್ನು ಬರೆದುಕೊಡುತ್ತದೆಯಂತೆ. ಬೈದು ಫಲವಿಲ್ಲ. ಎಲ್ಲ ದಿನವೂ ಪಾಠ ಯಶಸ್ವಿಯಾಯಿತೆಂಬ ಬರಹವನ್ನೇ ನೀವು ಮೆಚ್ಚುವುದಾದರೆ ಯಂತ್ರ ಅದನ್ನು ಮನುಷ್ಯನಿಗಿಂತ ಚೆನ್ನಾಗಿ ಬರೆಯುತ್ತದೆ. ಹುಡುಗನ ಕೈಯ ಮಸಿ ಮಾತ್ರ ಅದಕ್ಕೆ ಕಾಣದು. ಆದುದರಿಂದ ಸೋತ ಪಾಠಕ್ಕೆ ಅಂಕ ಕಡಿಯಬೇಡಿರಿ. ಪ್ರಶ್ನೆಯೇ ಇಲ್ಲದ ಪುಟಕ್ಕೆ ಬೇಕಾದರೆ ಕಡಿಯಿರಿ.

ಪರರ ಕಣ್ಣಿಗೆ ಬಿದ್ದರೆ ಬರಹ ಕೆಡುತ್ತದೆಂದು ನಾವು ಹೇಳುತ್ತಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಲೆಕ್ಕ ಬರೆದವರೆಂದು ಶರಣಚರಿತ್ರೆಯಲ್ಲಿ ಬರುತ್ತದೆ. ಅವರ ವಚನಗಳಲ್ಲಿಯೂ ತಮ್ಮ ಮನಸ್ಸಿನ ಲೆಕ್ಕವನ್ನು ಕಠಿಣವಾಗಿ ನೋಡಿಕೊಂಡದ್ದು ಕಾಣುತ್ತದೆ. ಅದನ್ನು ಅವರು ಪೆಟ್ಟಿಗೆಯಲ್ಲಿ ಬಚ್ಚಿಡಲಿಲ್ಲ, ಶರಣರ ಎದುರಿಗೇ ನುಡಿದರು. ಕೇಳುವವರು ಕೈಹಿಡಿದು ಎತ್ತುವವರು ಎಂಬ ನಂಬಿಕೆ ಅಲ್ಲಿತ್ತು. ಆ ನಂಬಿಕೆಯನ್ನು ವಿದ್ಯಾರ್ಥಿಯಲ್ಲಿ ಹುಟ್ಟಿಸುವುದು ಅಂಕ ಕೊಡುವವರ ಕೆಲಸ.

ಆ ಹೆಣ್ಣುಮಗಳಿಗೆ ನಾವು ಸಣ್ಣ ಪುಸ್ತಕವನ್ನೇ ಒಪ್ಪಿಸು ತಾಯಿ ಎಂದೆವು. ಒಂದು ತಿದ್ದುಪಡಿಯನ್ನೂ ಹೇಳಿದೆವು. ಅದರಲ್ಲಿ ಹುಡುಗನ ಹೆಸರಿತ್ತು, ಮನೆಯ ಗುರುತಿತ್ತು. ಅವನ್ನು ಕಾಣದಂತೆ ಹೊಡೆದುಹಾಕು ಎಂದೆವು. ನಿಮ್ಮ ಪುಸ್ತಕಗಳು ಕಡೆಗೆ ಎಲ್ಲಿಗೆ ಹೋಗುತ್ತವೆ? ಹಳೆ ಪೇಪರಿನ ಅಂಗಡಿಗೆ, ಅಲ್ಲಿಂದ ಕಡಲೆಕಾಯಿಯ ಪೊಟ್ಟಣಕ್ಕೆ. ಒಂದು ಬಡಮನೆಯ ಕಷ್ಟ ಬೀದಿಯಲ್ಲಿ ಪೊಟ್ಟಣವಾಗಿ ಬಿಚ್ಚಬಾರದು. ನಿಮ್ಮ ನಡತೆಯನ್ನು ಬಿಚ್ಚಿ ಬರೆಯಿರಿ, ಮಗುವಿನ ಗುರುತನ್ನು ಮುಚ್ಚಿ ಬರೆಯಿರಿ.

ಬರೆದರೆ ಅರ್ಧ ಕೆಲಸವಾಯಿತು, ಹಿಂದಿರುಗಿ ಓದಬೇಕು. ನಾವು ಓದಿದ ಸಂಸ್ಕೃತ ಪಾಠಶಾಲೆಯಲ್ಲಿ ಪಾಡ್ಯ ಮತ್ತು ಅಷ್ಟಮಿಯಂದು ಹೊಸ ಪಾಠವಿರಲಿಲ್ಲ. ಅನಧ್ಯಾಯವೆಂದು ಆಟಕ್ಕೆ ಓಡುವ ಹಾಗೂ ಇರಲಿಲ್ಲ. ಕಲಿತದ್ದರ ಆವೃತ್ತಿ ಆಗಬೇಕು. ಎಂಟು ದಿನ ಹಳೆಯದಾದ ಪಾಠವನ್ನು ಓದುವಾಗ, ಅರ್ಥವಾಯಿತೆಂದು ತಲೆಯಾಡಿಸಿದ ಜಾಗದಲ್ಲಿಯೇ ತೊಡಕು ಕಾಣುತ್ತಿತ್ತು. ದಿನಚರಿಯದೂ ಹಾಗೆಯೇ. ಬರೆದ ರಾತ್ರಿ ಕೋಪವೋ ಆಯಾಸವೋ ಇರುತ್ತದೆ. ಎಂಟು ದಿನ ಬಿಟ್ಟು ನೋಡಿದರೆ ಒಂದೇ ಮಗುವಿನ ಮಾತು ನಾಲ್ಕು ಸಲ ಬಂದಿರುವುದು, ಇನ್ನೊಂದು ಮಗು ಒಂದು ಸಲವೂ ಬಾರದಿರುವುದು ಕಾಣುತ್ತದೆ. ಆ ಬಾರದ ಮಗುವಿನ ಬಳಿಗೆ ಮರುದಿನ ಮೊದಲು ಹೋಗಿರಿ.

ಬರುವ ಪಾಡ್ಯದಿಂದ ಇದೇ ಸಭಾಂಗಣದಲ್ಲಿ ಸಂಜೆ ಆರು ಗಂಟೆಗೆ ಅಭ್ಯಾಸ ಪಾಠದ ಮಕ್ಕಳಿಗಾಗಿ ಒಂದು ಕೂಟ ನಡೆಯಲಿ. ಪಾಡ್ಯ ಅಷ್ಟಮಿಗಳಂದು ಸೇರಿ ತಮ್ಮ ತಮ್ಮ ಪುಸ್ತಕವನ್ನು ತಾವೇ ಮೌನವಾಗಿ ಓದಿಕೊಳ್ಳುವುದು. ಇಷ್ಟವಿದ್ದವರು ಒಂದು ಪುಟವನ್ನು ಎಲ್ಲರಿಗೂ ಓದಿ ಹೇಳುವುದು. ಅಂಕವಿಲ್ಲ, ಹಾಜರಿಯಿಲ್ಲ. ಪುಸ್ತಕ ಕೊಳ್ಳಲು ಅನುಕೂಲವಿಲ್ಲದವರಿಗೆ ಮಠದಿಂದ ಕೊಡಿಸುತ್ತೇವೆ. ದೂರದಿಂದ ಬರುವ ಹೆಣ್ಣುಮಕ್ಕಳು ಪ್ರಸಾದ ಮುಗಿಸಿಕೊಂಡು ಎಂಟು ಗಂಟೆಯೊಳಗೆ ಹೊರಡುವಂತೆ ಇಲ್ಲಿನ ಅಕ್ಕನ ಬಳಗದವರು ನೋಡಿಕೊಳ್ಳಬೇಕು.