ದೆಹಲಿಯ ದೊಡ್ಡವರು ಮತ್ತು ನಮ್ಮ ಓಟು
(ಸಭೆಯಲ್ಲಿ ಆಡಿದ ಮಾತು)



ಓಟು ಬಂದಾಗೆಲ್ಲ ನಮ್ಮ ಕೇರಿಗೆ ದೆಹಲಿಯವರ ಫೋಟೋ ಬರುತ್ತೆ. ಫೋಟೋ ಹಿಡಿದು ಮುಂದೆ ಬರೋನು ಮಾತ್ರ ಊರಿನ ಜಮೀನ್ದಾರನೇ. ಈಗಿನ ಫೋಟೋಗಳ ಬಗ್ಗೆ ಮಾತಾಡೋ ಮುಂಚೆ 1980ರ ಜನವರಿ ಚುನಾವಣೆಯ ಮೂವರನ್ನು ನೋಡೋಣ. ಆಗ ನಾವು ಹುಟ್ಟಿರಲಿಲ್ಲ, ನಮ್ಮ ಅಜ್ಜಿಯರು ಓಟು ಹಾಕಿದ್ದರು. ಸತ್ತವರನ್ನು ತೂಗೋದು ಸುಲಭ, ಅವರ ಲೆಕ್ಕ ಮುಗಿದಿದೆ.

ಚರಣ್ ಸಿಂಗ್ ರೈತರ ನಾಯಕ. ಯಾವ ರೈತರ? 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಬೆಂಕಿಗೆ ಹಾಕಿದರು. ಬಹುಪಾಲು ದಲಿತರು. ಹಾಕಿದವರೂ ರೈತರೇ! ಆಗ ಗೃಹಮಂತ್ರಿ ಚರಣ್ ಸಿಂಗ್. ಇದರಲ್ಲಿ ಜಾತಿಯೇ ಇಲ್ಲ, ಎರಡು ಗುಂಪುಗಳ ಹೊಡೆದಾಟ ಅಂತ ಅವರ ಇಲಾಖೆ ಷರಾ ಬರೆಯಿತು. 1979ರಲ್ಲಿ ಪ್ರಧಾನಿಯಾದರು, ಒಂದು ದಿನವೂ ಸಂಸತ್ತನ್ನು ಎದುರಿಸಲಿಲ್ಲ. ಇವರ ಮಾತು ಇಷ್ಟೇ ಸಾಕು.

ಅದೇ ಬೆಲ್ಚಿಗೆ ಆಗಸ್ಟ್ ತಿಂಗಳ ಕೆಸರಿನಲ್ಲಿ ಆನೆ ಮೇಲೆ ಕೂತು ಹೋದವರು ಇಂದಿರಾ ಗಾಂಧಿ. ಅಧಿಕಾರ ಕಳೆದುಕೊಂಡಿದ್ದರು, ಹೋದರು. ಸುಟ್ಟವರ ಮನೆ ಬಾಗಿಲಿಗೆ ಯಾರೂ ಬಾರದಾಗ ಬಂದವರನ್ನು ಜನ ಮರೆಯೋದಿಲ್ಲ. ನಮ್ಮ ಅಜ್ಜಿಯರು 'ಇಂದಿರಮ್ಮ' ಅಂದದ್ದನ್ನು ದಡ್ಡತನ ಅಂತ ಪೇಟೆಯ ಬುದ್ಧಿಜೀವಿಗಳು ಬರೀತಾರೆ. ನಾವು ಒಪ್ಪೋದಿಲ್ಲ. ಆದರೆ ಒಂದು ವಿಷಯ ನೋಡಿ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ, 1976ರ ಸಾಲ ಪರಿಹಾರ ಕಾಯ್ದೆ, ಎರಡೂ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗಿನವು. ಅರಸು 1979ರಲ್ಲಿ ಇಂದಿರಾರಿಂದ ಬೇರೆಯಾದರು. 1980ರಲ್ಲಿ ಇಲ್ಲಿನ 28 ಸೀಟಿನಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ! ಅರಸು ಪಕ್ಷಕ್ಕೆ ಒಂದೂ ಇಲ್ಲ. ದುಡಿದವನೊಬ್ಬ, ಹೆಸರು ಇನ್ನೊಬ್ಬರದು. ಆ ಭೂಮಿಯಾದರೂ ಗೇಣಿದಾರನಿಗೆ ಸಿಕ್ಕಿತೇ ಹೊರತು, ಗೇಣಿ ಚೀಟಿಯೇ ಇಲ್ಲದೆ ಕೂಲಿಗೆ ಹೋಗ್ತಿದ್ದ ನಮ್ಮವರಿಗೆ ಸಿಕ್ಕಿದ್ದೆಷ್ಟು?

ಜನವರಿಯಲ್ಲಿ ಇಂದಿರಾ ಗೆದ್ದರು. ಫೆಬ್ರವರಿಯಲ್ಲಿ ಅದೇ ಬಿಹಾರದ ಪಿಪ್ರಾದಲ್ಲಿ 14 ದಲಿತರನ್ನು ಕೊಂದರು. ಆನೆ ಇಳಿದು ಕುರ್ಚಿ ಹತ್ತಿದವರ ಕಾಲದಲ್ಲೂ ನಮ್ಮ ಗುಡಿಸಲು ಹಾಗೇ ಉರಿಯಿತು.

ಮೂರನೆಯವರು ಬಾಬು ಜಗಜೀವನ ರಾಮ್. ಇವರ ಬಗ್ಗೆ ಮಾತಾಡೋವಾಗ ನಮ್ಮ ಗಂಟಲು ಸ್ವಲ್ಪ ಕಟ್ಟುತ್ತೆ. ಜನತಾ ಪಕ್ಷ ಇವರೇ ಮುಂದಿನ ಪ್ರಧಾನಿ ಅಂತ ಓಟು ಕೇಳಿತು. ಸಿಕ್ಕಿದ್ದು 31 ಸೀಟು. ಈ ದೇಶ ಇವತ್ತಿನವರೆಗೂ ಒಬ್ಬ ದಲಿತನನ್ನು ಪ್ರಧಾನಿ ಮಾಡಿಲ್ಲ. 1978ರಲ್ಲಿ ದೇಶದ ರಕ್ಷಣಾ ಮಂತ್ರಿಯಾಗಿ ಕಾಶಿಯಲ್ಲಿ ಸಂಪೂರ್ಣಾನಂದರ ಪ್ರತಿಮೆ ಅನಾವರಣ ಮಾಡಿದರು. ಅವರು ಹೋದ ಮೇಲೆ ಜಾತಿವಾದಿಗಳು ಆ ಕಲ್ಲನ್ನು ಗಂಗಾಜಲದಲ್ಲಿ ತೊಳೆದರು. ಸೈನ್ಯವೇ ಕೈಯಲ್ಲಿದ್ದವನ ಗತಿ ಇದು. ಆ ಅವಮಾನ ನಮ್ಮದು. ಆದರೆ 1975ರ ಜುಲೈನಲ್ಲಿ ತುರ್ತುಪರಿಸ್ಥಿತಿಗೆ ಒಪ್ಪಿಗೆ ಕೇಳುವ ನಿರ್ಣಯವನ್ನು ಲೋಕಸಭೆಯಲ್ಲಿ ಮಂಡಿಸಿದವರೂ ಇದೇ ಬಾಬೂಜಿ. ಎರಡನ್ನೂ ಒಟ್ಟಿಗೆ ಹಿಡಿಯೋದು ಕಷ್ಟ. ಹಿಡೀಲೇಬೇಕು. ನಮ್ಮವನು ಅಂತ ಬಿಡೋ ಹಾಗಿಲ್ಲ.

ಹಾಗಾದ್ರೆ ಯಾರಿಗೆ ಹಾಕೋದು ಅಂತ ಕೇಳ್ತೀರಿ. ನಾವು ಹೆಸರು ಹೇಳೋಲ್ಲ. ಫೋಟೋ ಹಿಡಿದು ಬಂದವರನ್ನು ಕೂರಿಸಿ, ನಮ್ಮ ಮನೆ ಲೋಟದಲ್ಲಿ ನೀರು ಕೊಡಿ. ಕುಡೀತಾರಾ ನೋಡಿ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ದೌರ್ಜನ್ಯ ತಡೆ ಕಾಯ್ದೆಯ ಹಲ್ಲು ಸಡಿಲ ಮಾಡಿದಾಗ ನಿಮ್ಮ ನಾಯಕರು ಎಲ್ಲಿದ್ದರು ಅಂತ ಕೇಳಿ. ಏಪ್ರಿಲ್ 2ರಂದು ನಮ್ಮ ಜನ ಬೀದಿಗೆ ಬಂದರು, ಕೆಲವರು ಪ್ರಾಣ ಬಿಟ್ಟರು. ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ಇದು ಯಾರ ಕೊಡುಗೆ ಅಂತಲೂ ಕೇಳಿ. ಕೊನೆಗೆ, ನಿಮ್ಮ ಹೊಲದಲ್ಲಿ ಹೆಣ್ಣಾಳಿಗೆ ದಿನಕ್ಕೆ ಕೂಲಿ ಎಷ್ಟು, ಗಂಡಾಳಿಗೆ ಎಷ್ಟು ಅಂತ ಕೇಳಿ. ಅದಕ್ಕೆ ದೆಹಲಿಯಿಂದ ಉತ್ತರ ಬರಬೇಕಾಗಿಲ್ಲ.