ಮನಸ್ಸಿಗಾದ ಗಾಯ ಮತ್ತು ಆಪ್ತಸಮಾಲೋಚಕರ ಕೆಲಸ
(ಬೂದಿಗೆರೆಯಲ್ಲಿ ರೈತರ ಮುಂದೆ ಮಾಡಿದ ಭಾಷಣ)



ದ್ರಾಕ್ಷಿಗೆ ರೋಗ ಬಿದ್ದರೆ ಯಾರನ್ನು ಕೇಳಬೇಕು, ಹಸು ಮೇವು ಬಿಟ್ಟರೆ ಯಾರನ್ನು ಕರೆಸಬೇಕು ಎಂಬುದು ನಿಮಗೆ ತಿಳಿದೇ ಇದೆ. ಆದರೆ ರಸ್ತೆಯಲ್ಲಿ ತನ್ನ ಕಣ್ಣೆದುರಿಗೇ ಒಬ್ಬರು ಲಾರಿಗೆ ಸಿಕ್ಕಿದ್ದನ್ನು ನೋಡಿ ಬಂದವನು ಮೂರು ತಿಂಗಳಾದರೂ ಸರಿಯಾಗಿ ನಿದ್ದೆ ಮಾಡದಿದ್ದರೆ ಯಾರ ಹತ್ತಿರ ಹೋಗಬೇಕು? ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸುವವರುಂಟು. ಗಂಡಸಾಗಿ ಇಷ್ಟಕ್ಕೆಲ್ಲ ಹೆದರುತ್ತೀಯಾ ಎಂದು ಗದರುವವರೂ ಉಂಟು. ಅವನಾದರೋ ನಿದ್ದೆ ಬರಲೆಂದು ಕುಡಿಯಲು ತೊಡಗುತ್ತಾನೆ. ಆಗ ಊರಿನವರು ಕುಡಿತವನ್ನು ನೋಡುತ್ತಾರೆಯೇ ಹೊರತು ಅದರ ಹಿಂದಿನ ರಾತ್ರಿಗಳನ್ನು ನೋಡುವುದಿಲ್ಲ.

ನಾನು ಆಪ್ತಸಮಾಲೋಚಕಿ. ಈ ಕಸುಬನ್ನು ಹೇಗೆ ಕಲಿತೆ, ಬಂದವರೊಡನೆ ಹೇಗೆ ನಡೆದುಕೊಳ್ಳುತ್ತೇನೆ ಎಂಬುದನ್ನು ನಿಮ್ಮ ಮುಂದಿಡುತ್ತೇನೆ. ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು.

ಮೊದಲು ಕಲಿಕೆಯ ವಿಷಯ. ಸಮಾಜಕಾರ್ಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ. ಆ ಮೇಲೆ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎರಡು ವರ್ಷದ ಎಂ.ಫಿಲ್. ಇದರಲ್ಲಿ ಪುಸ್ತಕಕ್ಕಿಂತ ಆಸ್ಪತ್ರೆಯ ವಾರ್ಡಿನಲ್ಲಿ ಕಳೆದ ಕಾಲವೇ ಹೆಚ್ಚು. ಒಬ್ಬೊಬ್ಬ ರೋಗಿಯ ಮನೆಯವರನ್ನೂ ಕೂರಿಸಿಕೊಂಡು ಮಾತನಾಡಿ, ಅದನ್ನು ಹಿರಿಯರ ಮುಂದೆ ಒಪ್ಪಿಸಿ, ತಿದ್ದಿಸಿಕೊಂಡು ಕಲಿಯಬೇಕು. ನಾನು ಡಾಕ್ಟರಲ್ಲ. ಮಾತ್ರೆ ಬರೆದುಕೊಡುವ ಅಧಿಕಾರ ನನಗಿಲ್ಲ. ಮಾತ್ರೆ ಬೇಕೆಂದು ಕಂಡರೆ ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ. ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆಪ್ತಸಮಾಲೋಚಕ ಎಂದು ಹಲಗೆ ಬರೆಸಿ ಹಾಕಿಕೊಂಡವರೆಲ್ಲ ಹೀಗೆ ಕಲಿತವರೇ ಆಗಿರುವುದಿಲ್ಲ. ಎಲ್ಲಿ ಓದಿದಿರಿ, ಯಾರ ಕೈಕೆಳಗೆ ಕಲಿತಿರಿ ಎಂದು ಕೇಳಲು ಸಂಕೋಚ ಬೇಡ. ಬಿತ್ತನೆ ಬೀಜಕ್ಕೇ ಇಷ್ಟು ವಿಚಾರಿಸುವ ನೀವು ಮನಸ್ಸಿನ ವಿಷಯದಲ್ಲಿ ಇನ್ನಷ್ಟು ವಿಚಾರಿಸಬೇಕು.

ಈ ವಿದ್ಯೆಗೆ ನಮ್ಮ ನೆಲದಲ್ಲೇ ಬೇರುಂಟು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜಾಗದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಹಳ್ಳಿಯವರು ನಗರಕ್ಕೆ ಬರಲಾರರೆಂದು ಕಂಡು, ಆನೇಕಲ್ ಕಡೆಯ ಸಕಲವಾರದಲ್ಲಿ 1970ರ ದಶಕದಲ್ಲಿ ಒಂದು ಕೇಂದ್ರವನ್ನು ನಡೆಸಿ, ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿ ನೋಡಿದರು. 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು ಆ ಬಳ್ಳಾರಿಯ ಮಾದರಿಯಿಂದಲೇ.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದುದನ್ನು ಹಿರಿಯರು ಮರೆತಿರಲಾರರು. ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಹಾಗೆ ಮಕ್ಕಳನ್ನು ಕಳೆದುಕೊಂಡವರ ದುಃಖ ಹೇಗೆ ನಡೆಯುತ್ತದೆ ಎಂಬುದನ್ನು ನಿಮ್ಹಾನ್ಸಿನವರು ಆ ಬಂಧುಗಳನ್ನೇ ಕಂಡು ಅಭ್ಯಾಸ ಮಾಡಿದರು. ಅದಕ್ಕೆ ಒಂದು ವರ್ಷ ಹಿಂದೆಯಷ್ಟೇ, 1980ರಲ್ಲಿ, ವಿಯಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡನ್ನು ನೋಡಿದ ಅಮೆರಿಕದ ಮನೋವೈದ್ಯರು, ಆಘಾತದ ನಂತರ ಉಳಿಯುವ ಈ ತೊಂದರೆಗೆ ತಮ್ಮ ರೋಗಗಳ ಪಟ್ಟಿಯಲ್ಲಿ ಬೇರೆಯೇ ಹೆಸರು ಕೊಟ್ಟಿದ್ದರು.

ಈ ತೊಂದರೆ ಎಂಥದು? ಲಾರಿಯ ಹಾರನ್ನಿಗೆ ಬೆದರಿ ಒಮ್ಮೆ ಹಳ್ಳಕ್ಕೆ ಬಿದ್ದ ಎತ್ತು ಮರುದಿನ ಅದೇ ತಿರುವಿನಲ್ಲಿ ಕಾಲೂರಿ ನಿಂತುಬಿಡುತ್ತದೆ. ಅದು ಸೋಮಾರಿತನವೇ? ಅಲ್ಲ, ಅದರ ಮೈ ನೆನಪಿಟ್ಟುಕೊಂಡಿದೆ. ಮನುಷ್ಯನ ಮೈಯೂ ಹಾಗೆಯೇ. ಅಪಾಯ ಕಳೆದು ಹೋದರೂ ಮೈ ಕಾವಲು ಇಳಿಸುವುದಿಲ್ಲ. ಸಣ್ಣ ಸದ್ದಿಗೆ ಬೆಚ್ಚುವುದು, ಎದೆ ಹೊಡೆದುಕೊಳ್ಳುವುದು, ಅದೇ ನೋಟ ಕಣ್ಮುಂದೆ ಬರುವುದು, ಆ ದಾರಿಯನ್ನೇ ಬಿಟ್ಟು ಸುತ್ತಿ ಹೋಗುವುದು, ಹೆಂಡತಿ ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುವುದು, ಇವೆಲ್ಲ ಅದರ ಗುರುತುಗಳು. ಮೊದಲ ಕೆಲವು ವಾರ ಇವು ಯಾರಿಗಾದರೂ ಬರಬಹುದು. ಬಹಳ ಜನಕ್ಕೆ ತಾವಾಗಿಯೇ ಇಳಿಯುತ್ತವೆ. ಒಂದು ತಿಂಗಳು ಕಳೆದರೂ ಇಳಿಯದೆ, ಕೆಲಸಕ್ಕೂ ಸಂಸಾರಕ್ಕೂ ಅಡ್ಡಿಯಾದರೆ ಸಹಾಯ ಪಡೆಯಬೇಕು.

ಆದುದರಿಂದಲೇ ಎದುರಿಗೆ ಬಂದವರನ್ನು ನಿನಗೇನಾಗಿದೆ ಕೇಡು ಎಂಬ ಧಾಟಿಯಲ್ಲಿ ನಾವು ಕೇಳುವುದಿಲ್ಲ. ನಿಮ್ಮ ಮೇಲೆ ಏನು ನಡೆಯಿತು ಎಂಬುದು ನಮ್ಮ ಪ್ರಶ್ನೆ. ಅದನ್ನೂ ಮೊದಲ ದಿನವೇ ಕೇಳುವುದಿಲ್ಲ. ಎಲ್ಲವನ್ನೂ ಒಮ್ಮೆ ಕಕ್ಕಿಸಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂಬ ನಂಬಿಕೆ ಊರಿನಲ್ಲೂ ಇದೆ, ಹಿಂದೆ ಕಲಿತವರಲ್ಲೂ ಇತ್ತು. ಘಟನೆ ನಡೆದ ಕೂಡಲೇ ಬಲವಂತವಾಗಿ ಹೇಳಿಸಿದರೆ ಉಪಯೋಗವಿಲ್ಲ, ಕೆಲವರಿಗೆ ಕೇಡೂ ಆಗಬಹುದೆಂದು ಈಗ ತಿಳಿದಿದೆ. ಸಾವಿನ ಮನೆಗೆ ಹೋಗಿ, ಹೇಗಾಯಿತು, ಎಷ್ಟು ಹೊತ್ತಿಗಾಯಿತು, ನೀನು ಎಲ್ಲಿದ್ದೆ ಎಂದು ಬಂದವರೆಲ್ಲ ಕೆದಕುವ ನಮ್ಮ ಪದ್ಧತಿ ನನಗೆ ಹಿಡಿಸುವುದಿಲ್ಲ. ಅನ್ನ ಕೊಂಡೊಯ್ಯಿರಿ, ದನಕ್ಕೆ ಮೇವು ಹಾಕಿ ಬನ್ನಿ, ಸುಮ್ಮನೆ ಪಕ್ಕದಲ್ಲಿ ಕೂತಿರಿ. ಅವರಾಗಿ ಮಾತನಾಡಿದರೆ ಕೇಳಿ.

ನನ್ನ ಕೋಣೆಗೆ ಬಂದವರು ಬೇಕಾದರೆ ಬಾಗಿಲ ಬಳಿಯೇ ಕೂರಬಹುದು, ನಡುವೆ ಎದ್ದು ಹೋಗಬಹುದು. ಮೊದಲು ನಿದ್ದೆ, ಊಟ, ಮನೆಯಲ್ಲಿ ಈಗಲೂ ಭಯವಿದೆಯೇ ಎಂಬುದನ್ನು ನೋಡುತ್ತೇವೆ. ದಿನವೂ ಮನೆಯಲ್ಲೇ ಏಟು ತಿನ್ನುವ ಹೆಂಗಸಿಗೆ ತಾಳ್ಮೆಯಿಂದಿರು ಎನ್ನುವುದು ಸಮಾಲೋಚನೆಯಲ್ಲ. ಆಕೆಗೆ ಮೊದಲು ಬೇಕಾದದ್ದು ರಕ್ಷಣೆ. ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೇ. ಆ ಮೇಲೆ, ನೋಟ ಕಣ್ಣಿಗೆ ಬಂದಾಗ ಪಾದವನ್ನು ನೆಲಕ್ಕೆ ಒತ್ತಿ, ಉಸಿರನ್ನು ನಿಧಾನವಾಗಿ ಹೊರಬಿಡುತ್ತ, ಸುತ್ತಲಿರುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸುವ ಅಭ್ಯಾಸ ಕಲಿಸುತ್ತೇನೆ. ಮನಸ್ಸು ಅಂದಿನ ದಿನದಿಂದ ಇಂದಿನ ದಿನಕ್ಕೆ ಮರಳಲು ಇದು ನೆರವಾಗುತ್ತದೆ.

ಹಲವರ ಸಂಗತಿ ಕೂಡಿಸಿ ಒಂದು ಉದಾಹರಣೆ ಹೇಳುತ್ತೇನೆ. ಇದು ಯಾವ ಒಬ್ಬರ ಕಥೆಯೂ ಅಲ್ಲ. ಅಪಘಾತ ಕಂಡ ರೈತರೊಬ್ಬರು ಮಾರುಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದರು. ತರಕಾರಿ ಮನೆಯಲ್ಲೇ ಬಾಡುತ್ತಿತ್ತು. ಮೂರು ನಾಲ್ಕು ಭೇಟಿಗಳಲ್ಲಿ ಅಪಘಾತದ ಮಾತೇ ಬರಲಿಲ್ಲ. ನಿದ್ದೆ ಸ್ವಲ್ಪ ಕುದುರಿದ ಮೇಲೆ ಅವರಾಗಿಯೇ ತುಂಡುತುಂಡಾಗಿ ಹೇಳತೊಡಗಿದರು. ಆಮೇಲೆ ಅಣ್ಣನ ಜೊತೆ ಊರ ಬಾಗಿಲವರೆಗೆ, ಮುಂದೆ ಆ ತಿರುವಿನವರೆಗೆ, ಕೊನೆಗೆ ಅದನ್ನು ದಾಟಿ ಹೋದರು. ಸಾಮಾನ್ಯವಾಗಿ ಇಂಥದಕ್ಕೆ ವಾರಕ್ಕೊಮ್ಮೆಯಂತೆ ಎಂಟರಿಂದ ಹನ್ನೆರಡು ಭೇಟಿ ಹಿಡಿಯುತ್ತದೆ. ಬಾಲ್ಯದಿಂದ ಪೆಟ್ಟು ತಿಂದವರಿಗೆ ಹೆಚ್ಚು ಕಾಲ ಬೇಕು.

ಊರಿಗೆಲ್ಲ ಗೊತ್ತಾಗುತ್ತದೆಯೇ ಎಂಬುದು ನಿಮ್ಮ ದೊಡ್ಡ ಅನುಮಾನ. ಹೇಳಿದ ಮಾತು ಕೋಣೆಯಲ್ಲೇ ಉಳಿಯುತ್ತದೆ. ಎರಡು ಸಂದರ್ಭ ಮಾತ್ರ ಹೊರತು: ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ. ಎರಡನೆಯದನ್ನು ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾನೂನು ಹೇಳುತ್ತದೆ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ.

ಸಾಯುವ ಮಾತು ಯಾರಾದರೂ ಆಡಿದರೆ, ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರೇ ಇರಲು ಬಿಡಬೇಡಿ; ಔಷಧಿ ಡಬ್ಬಗಳನ್ನು, ಎಂದರೆ ಬೆಳೆಗೆ ಹೊಡೆಯುವ ವಿಷವನ್ನು, ಬೀಗ ಹಾಕಿಡಿ ಅಥವಾ ಅವರ ಕೈಗೆ ಸಿಗದಂತೆ ಬೇರೆಡೆ ಸಾಗಿಸಿ. ಯತ್ನಿಸಿ ಬದುಕಿದವರನ್ನು ಪೊಲೀಸರ ಭಯದಿಂದ ಮುಚ್ಚಿಡಬೇಡಿ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಧಿಸಿದೆ.

ದಾರಿ ತಿಳಿಯದಿದ್ದರೆ 14416ಕ್ಕೆ ಫೋನು ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದು. ಹಗಲು ರಾತ್ರಿ ತೆರೆದಿರುತ್ತದೆ, ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ವಿಚಾರಿಸಿ ಹೇಳುತ್ತಾರೆ. ಹೋಗುವಾಗ ಹಿಂದೆ ತೆಗೆದುಕೊಂಡ ಮಾತ್ರೆಯ ಚೀಟಿಗಳನ್ನು ಜೊತೆಗೆ ಒಯ್ಯಿರಿ. ಮನೆಯವರೊಬ್ಬರು ಬರಲಿ, ಆದರೆ ಸ್ವಲ್ಪ ಹೊತ್ತು ಹೊರಗೆ ಕೂರಲು ಸಿದ್ಧರಾಗಿ ಬರಲಿ.